ಯಾರೂ ಕೊಳ್ಳದ ಆಟ

ಬುಧವಾರ, ಊಟದ ಬಿಡುವು

ಪ್ರೀತಿಯ ಅಮ್ಮ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕಾದದ್ದು ಬಿಟ್ಟು ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ದೊಡ್ಡಮ್ಮನ ಮಂಡಿನೋವು ಹೇಗಿದೆ? ನನಗೇನೂ ಆಗಿಲ್ಲ, ದಣಿವು ಮಾತ್ರ ಹೋಗುತ್ತಿಲ್ಲ.

ನಮ್ಮ ಆಫೀಸು ಮಾಡಿದ ಗಂಡ-ಹೆಂಡತಿಯ ಟಿವಿ ಆಟವನ್ನು ಚಾನೆಲ್‌ನವರು ಕೊಳ್ಳಲಿಲ್ಲ. ನೀನೂ ಅಪ್ಪನೂ ಆಡಿದ ಮಾದರಿ ಕಂತು ನನ್ನ ತಲೆಯ ಮೇಲಿನ ಕಪಾಟಿನಲ್ಲಿ, ಯಾರೂ ಕೊಳ್ಳದೆ ಉಳಿದವುಗಳ ಜೊತೆ ಸೇರಿದೆ: ಅಪರಿಚಿತರ ಚೀಲ ಎತ್ತಿ ಒಳಗೇನಿದೆ ಎಂದು ಹೇಳುವ ಆಟ, ಮನೆ ಮಾಲೀಕನೂ ಬಾಡಿಗೆದಾರನೂ ಹಗ್ಗ ಎಳೆಯುವ ಆಟ, ನಗದೆ ಕೂತವರಿಗೆ ಫ್ರಿಜ್ ಕೊಡುವ ಆಟ. ಸಾಹಿತ್ಯ ಓದಿದವಳು ತಾನೇ, ಪ್ರಶ್ನೆ ಬರಿ, ಅಂತ ನಿರ್ಮಾಪಕರು ಮೊದಲ ದಿನವೇ ಹೇಳಿದ್ದರು. ನಾನು ಬರೆದ ಒಂದು ಪ್ರಶ್ನೆಯೂ ಯಾರ ಮನೆಯ ಟಿವಿಯಲ್ಲೂ ಕೇಳಿಸಿಲ್ಲ.

ಆ ದಿನ ಬರಬೇಕಿದ್ದ ದಂಪತಿ ಕೈಕೊಟ್ಟಾಗ ನಿಮ್ಮಿಬ್ಬರನ್ನು ಬೇಡಿಕೊಂಡೆ. ನೀವು ಬೇರೆ ಬೇರೆ ಇದ್ದೀರಿ ಎಂದು ಯಾರಿಗೂ ಹೇಳಲಿಲ್ಲ. ಮೇಕಪ್‌ನವಳು ಇಬ್ಬರಿಗೂ ಒಂದೇ ಕನ್ನಡಿ ಕೊಟ್ಟಳು. ಸ್ವಲ್ಪ ಆ ಕಡೆ ಸರ್ಕೊಳ್ಳಿ, ಅಂತ ನೀನು ಅಪ್ಪನಿಗೆ ಅಂದೆಯಲ್ಲ, ನೀನು ಮನೆ ಬಿಟ್ಟ ಮೇಲೆ ನಿಮ್ಮಿಬ್ಬರ ನಡುವಿನ ಮೊದಲ ಮಾತು ಅದು.

ಒಬ್ಬರು ಗಾಜಿನ ಪೆಟ್ಟಿಗೆಯಲ್ಲಿ, ಹೊರಗಿನ ಮಾತು ಕೇಳಿಸದಂತೆ ಹೆಡ್‌ಫೋನ್ ಹಾಕಿಕೊಂಡು ಸಂಗೀತ ಕೇಳುತ್ತ ಕೂರಬೇಕು, ಹೊರಗಿನವರು ಅವರ ಬಗ್ಗೆ ಉತ್ತರ ಹೇಳಬೇಕು, ಒಳಗಿನವರು ಬಂದು ಅದೇ ಉತ್ತರ ಕೊಟ್ಟರೆ ಗೆಲುವು. ನಿಮ್ಮ ಉತ್ತರಗಳು ಒಂದಾದ ಮೇಲೊಂದು ಹೊಂದುತ್ತಲೇ ಹೋದವು. ಮನೇಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದ್ರಾ, ಅಂತ ಕ್ಯಾಮೆರಾದವನು ನನ್ನ ಕಿವಿಯಲ್ಲಿ ಕೇಳಿದ.

ಕೊನೆಯ ಪ್ರಶ್ನೆಗೆ ನೀನು ಒಳಗಿದ್ದೆ. ಮನೆಗೆ ಬೆಂಕಿ ಬಿದ್ದರೆ ನಿಮ್ಮ ಹೆಂಡತಿ ಮೊದಲು ಏನನ್ನು ಎತ್ತಿಕೊಂಡು ಓಡುತ್ತಾರೆ? ಅಪ್ಪ ಯೋಚಿಸಲೇ ಇಲ್ಲ. ಅವಳ ಹೊಲಿಗೆ ಕತ್ತರಿ, ಬೇರೇನೂ ಮುಟ್ಟಲ್ಲ, ಅಂದರು. ಮನೆ ಬಿಟ್ಟ ದಿನ ನೀನು ಒಯ್ದದ್ದು ಅದೊಂದನ್ನೇ ಎಂದು ಅಲ್ಲಿದ್ದವರಲ್ಲಿ ಅಪ್ಪನನ್ನು ಬಿಟ್ಟರೆ ನನಗೆ ಮಾತ್ರ ಗೊತ್ತಿತ್ತು. ನೀನು ಹೊರಗೆ ಬಂದು, ಕೂದಲು ಸರಿಮಾಡಿಕೊಂಡು, ಇವರ ಕನ್ನಡಕ, ಅದಿಲ್ದಿದ್ರೆ ಬಾಗಿಲು ಎಲ್ಲಿದೆ ಅಂತಾನೂ ಇವರಿಗೆ ಕಾಣಲ್ಲ, ಅಂದೆ. ಸೋಲಿನ ಗಂಟೆ ಹೊಡೆಯಿತು. ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ.

ಕೊನೇಲಿ ಸೋತ್ರೆ ಯಾರು ನೋಡ್ತಾರೆ, ಆದ್ರೆ ಜೋಡಿ ಚೆನ್ನಾಗಿದೆ, ಅದೇ ಜೋಡಿ ಮತ್ತೆ ಆಡಿ ಗೆಲ್ಲಲಿ, ಆಗ ನೋಡೋಣ, ಅಂದಿದ್ದಾರಂತೆ ಚಾನೆಲ್‌ನವರು. ಇದೂ ಹೋಗದಿದ್ದರೆ ನಮ್ಮ ಆಫೀಸಿಗೆ ಬೀಗ. ಅಮ್ಮನಿಗೆ ಮೊದಲೇ ಉತ್ತರ ಹೇಳ್ಕೊಟ್ಬಿಡು ತಾಯಿ, ಯಾರಿಗೆ ಗೊತ್ತಾಗತ್ತೆ, ಅಂತ ನಿರ್ಮಾಪಕರು ಬೆಳಗ್ಗೆಯಿಂದ ನನ್ನ ಮೇಜಿನ ಸುತ್ತಲೇ ಇದ್ದಾರೆ.

ಅಪ್ಪನನ್ನು ಕೇಳಿದೆ. ನಾನು ಬರ್ತೀನಿ, ಅಂದರು. ಆಮೇಲೆ, ಅವಳು ಬರಲ್ಲ ಬಿಡು, ಅವಳ ವಿಷಯ ನನಗೆ ಗೊತ್ತು ಅಂತ ಜಂಬ ಕೊಚ್ಕೊಂಡು ಕೂತಿದ್ದೆ, ತಪ್ಪಾಯ್ತು ನೋಡು, ಅಂದರು. ಕನ್ನಡಕದ ಮುರಿದ ಕಾಲಿಗೆ ದಾರ ಸುತ್ತಿಕೊಂಡು ಓಡಾಡುತ್ತಿದ್ದರಲ್ಲ, ನಿನ್ನೆ ಅಂಗಡಿಗೆ ಹೋಗಿ ಸರಿಮಾಡಿಸಿಕೊಂಡು ಬಂದಿದ್ದಾರೆ.

ಶನಿವಾರ ಚಿತ್ರೀಕರಣ. ನನ್ನ ಕೆಲಸ ಉಳಿಯಲಿ ಎಂದು ಬರಬೇಡ. ಬರುವುದಾದರೂ ನಾನು ಉತ್ತರ ಹೇಳಿಕೊಡುವುದಿಲ್ಲ. ಮನಸ್ಸಿಲ್ಲದಿದ್ದರೆ ಒಂದು ಮಾತು ತಿಳಿಸು ಸಾಕು, ಅಮ್ಮನಿಗೆ ಹುಷಾರಿಲ್ಲ ಎಂದು ಹೇಳಿ ಸುಮ್ಮನಾಗುತ್ತೇನೆ.

ನಿನ್ನ
ಪುಟ್ಟಿ

ಇನ್ನೊಂದು ಮಾತು: ಅವತ್ತು ನೀವು ಹೋದ ಮೇಲೆ, ಸಾಮಾನು ಕಟ್ಟುವಾಗ, ಸೌಂಡ್ ನೋಡಿಕೊಳ್ಳುವವನು ಹೆಡ್‌ಫೋನಿನ ವೈರನ್ನು ಎತ್ತಿ ತೋರಿಸಿದ. ಕೊನೆಯ ಸುತ್ತಿನಲ್ಲಿ ಅದನ್ನು ಸಿಕ್ಕಿಸಲು ಮರೆತಿದ್ದನಂತೆ. ಸೆಕೆಗೆಂದು ಪೆಟ್ಟಿಗೆಯ ಮೇಲ್ಭಾಗವನ್ನೂ ತೆಗೆದಿದ್ದರು. ಸಂಗೀತವೇ ಇರಲಿಲ್ಲ ಅಂದಮೇಲೆ, ಅಪ್ಪ ಕತ್ತರಿ ಅಂದದ್ದು ನಿನಗೆ ಕೇಳಿಸಿತ್ತು. ಬಾಯಿ ಬಿಡಬೇಡ ಎಂದು ಅವನಿಗೆ ಹೇಳಿದ್ದೇನೆ. ಕೇಳಿಸಿಯೂ ನೀನು ಕನ್ನಡಕ ಅಂದೆ ಎಂಬುದು ಅಪ್ಪನಿಗೆ ಗೊತ್ತಿಲ್ಲ, ತನ್ನ ಊಹೆ ತಪ್ಪಿತು ಎಂದಷ್ಟೇ ಈಗಲೂ ತಿಳಿದಿದ್ದಾರೆ. ಹೇಳುವುದಾದರೆ ನೀನೇ ಹೇಳು.