ಅಪ್ಪ ಮಗಳೆಂದು ಕರೆದವಳಿಗೆ

ಲಾತಿನಾ ಬಳಿ, ಇಟಲಿ
ಭಾನುವಾರ, ಮೇ ೧೬

ನನ್ನ ಮಾತುಗಳನ್ನು ಕದ್ದ ವೀರ್‌ಪಾಲ್,

ದನಿ ಸಂದೇಶ ಕಳಿಸಿದರೆ ನಿನ್ನ ಮನೆಯವರೆಲ್ಲ ಸುತ್ತ ಕೂತು ಕೇಳುತ್ತಾರೆ. ಅದಕ್ಕೇ ಕಾಗದದ ಮೇಲೆ ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ಒಬ್ಬಳೇ ಓದು.

ಕ್ಷೇಮವೆಂದು ಬರೆದರೆ ಸುಳ್ಳಾಗುತ್ತದೆ. ದಿಲ್ಲಿಯ ಗಡಿಯಲ್ಲಿ ರೈತರ ವೇದಿಕೆ ಹತ್ತಿ ನೀನು ಮಾಡಿದ ಭಾಷಣ ಇಲ್ಲಿ ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. 'ಬೀಜ ಬಿತ್ತುವವನ ಹೆಸರು ಚೀಲದ ಮೇಲೆ ಇರುವುದಿಲ್ಲ' ಎಂದೆಯಲ್ಲ, ಅದು ನನ್ನ ಮಾತು. ಹತ್ತಿ ಬಿಡಿಸುತ್ತಾ ಕರಪತ್ರಗಳನ್ನು ನಿನಗೆ ಓದಿ ಹೇಳುತ್ತಿದ್ದವಳು ನಾನು. ನೀನು ಆಗ ಆಕಳಿಸುತ್ತಿದ್ದೆ. ಈಗ ಸಾವಿರಾರು ಜನ ನಿನಗೆ ಜೈಕಾರ ಹಾಕುತ್ತಾರೆ, ನಾನು ಇಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಮಂಡಿಯೂರಿ ಮೂಲಂಗಿ ಕಟ್ಟು ಕಟ್ಟುತ್ತೇನೆ.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಭಾಷಣ ಮುಗಿದ ಮೇಲೆ ನನ್ನಪ್ಪ ಎದ್ದು ಬಂದು, ನಿನ್ನ ತಲೆಯ ಮೇಲೆ ಕೈಯಿಟ್ಟು, 'ಇವಳು ನನ್ನ ಮಗಳು' ಅಂದರು. ನಮ್ಮೂರ ರೈತ ಸಂಘದ ಅಧ್ಯಕ್ಷರಾದ ಅವರು, ನಮ್ಮ ಕೊಟ್ಟಿಗೆಯ ಸಗಣಿ ಬಾಚುವವಳ ಮಗಳಿಗೆ ಹಾಗೆಂದರು. ನಿನ್ನಮ್ಮನ ಚಹಾದ ಲೋಟ ಇಂದಿಗೂ ಕೊಟ್ಟಿಗೆಯ ಗೋಡೆಯ ಗೂಡಿನಲ್ಲೇ ಇರುತ್ತದೆ, ಅಡುಗೆಮನೆಗೆ ಬರುವುದಿಲ್ಲ. ಸಮಾನತೆಯ ಬಗ್ಗೆ ಅಷ್ಟೆಲ್ಲ ಓದಿದ ನಾನು ಆ ವಿಡಿಯೋ ನೋಡಿ ಹಿಗ್ಗಬೇಕಿತ್ತು. ವಿಮಾನ ಹತ್ತುವ ದಿನವೂ ಅಪ್ಪ ನನ್ನ ತಲೆ ಮುಟ್ಟಲಿಲ್ಲ ಎಂಬುದು ಮಾತ್ರ ನೆನಪಾಯಿತು.

ಮರುದಿನ ಹೊಲದಲ್ಲಿ ನನ್ನ ಪಕ್ಕದ ಸಾಲಿನ ಸ್ವರ್ಣ ಚಾಚಿ ಬೇಕೆಂದೇ ಆ ಮಾತೆತ್ತಿದಳು. "ಏನೇ ಲೀಡರಮ್ಮಾ, ನಿಮ್ಮಪ್ಪ ಹೊಸ ಮಗಳನ್ನ ಮಾಡ್ಕೊಂಡ್ರಂತೆ? ಹಳೇದು ಎಲ್ಲಿ, ಮೂಲಂಗಿ ಜೊತೆ ಪೇಟೆಗೆ ಹೋಯ್ತಾ?"

"ಕೆಲಸ ನೋಡು ಚಾಚಿ."

"ನೋಡ್ತಿದೀನಮ್ಮ. ನಿನ್ನ ಕಟ್ಟು ಸಡಿಲ ಇದೆ. ಪದ್ರೋನೆ ಬಂದ್ರೆ ಬೈಯ್ತಾನೆ."

ಪದ್ರೋನೆ ಎಂದರೆ ನಮ್ಮ ಧಣಿ. ಅವನೂ ಕ್ರಿಸ್‌ಮಸ್‌ಗೆ ಸಿಹಿ ಬ್ರೆಡ್ಡು ಹಂಚಿ 'ನೀವೆಲ್ಲ ನನ್ನ ಮನೆಯವರು' ಅನ್ನುತ್ತಾನೆ. ಸಂಬಳದ ಚೀಟಿಯಲ್ಲಿ ಮಾತ್ರ ನಾವು ದುಡಿದ ದಿನಗಳಲ್ಲಿ ಅರ್ಧದಷ್ಟು ಇರುವುದೇ ಇಲ್ಲ. ಇಲ್ಲಿಯ ಕಾರ್ಮಿಕ ಸಂಘದವರು ಪಂಜಾಬಿಯಲ್ಲಿ ಅಚ್ಚು ಹಾಕಿಸಿದ ಕರಪತ್ರವನ್ನು ನಾನೇ ಎಲ್ಲರಿಗೂ ಓದಿ ಹೇಳಿದ್ದೇನೆ. ಯಾರೂ ಜೈಕಾರ ಹಾಕಲಿಲ್ಲ. ಚಪಾತಿ ಸುತ್ತಿಕೊಳ್ಳಲು ಕಾಗದ ಚೆನ್ನಾಗಿದೆ ಅಂದರು.

ಆಗ ನಿನ್ನ ಸಂದೇಶ ಬಂತು. ಪಂಚಾಯಿತಿ ಹೊಲದ ಗುತ್ತಿಗೆ ಹರಾಜು ಗುರುವಾರ, ಅಡ್ಡ ಬರಬೇಡಿ ಎಂದು ನಿಮ್ಮಪ್ಪನಿಗೆ ಹೇಳು, ಅಂತ.

ಆ ಹರಾಜನ್ನು ಚಿಕ್ಕಂದಿನಲ್ಲಿ ನಾವಿಬ್ಬರೂ ಗೋಡೆ ಹತ್ತಿ ನೋಡುತ್ತಿದ್ದೆವು. ಮೂರರಲ್ಲೊಂದು ಪಾಲು ಹೊಲ ನಿಮ್ಮ ಕೇರಿಯವರಿಗೇ ಸಿಗಬೇಕೆಂದು ಕಾನೂನಿದೆ. ಅದಕ್ಕೇ ನಮ್ಮವರು ಪ್ರತಿವರ್ಷ ನಿಮ್ಮ ಕೇರಿಯ ಒಬ್ಬ ಆಳನ್ನು ಮುಂದೆ ಕೂರಿಸುತ್ತಾರೆ. ಹರಾಜು ಕೂಗುವವನು ಅವನು, ಉಳುವವರು ನಾವು. ಈ ಸಲ ನಿಮ್ಮ ಕೇರಿಯ ಹೆಂಗಸರೆಲ್ಲ ಒಟ್ಟಾಗಿ ಕೂಗುತ್ತೀರಿ ಎಂದು ನೀನು ತಿಳಿಸಿದ್ದೆ. ಆ ಹೊಲ ದಕ್ಕಿದರೆ ಎಮ್ಮೆಗೆ ಹುಲ್ಲು ಕೊಯ್ಯಲು ನಮ್ಮ ಬದುಗಳಿಗೆ ಬರಬೇಕಿಲ್ಲ, ನಮ್ಮ ಗಂಡಸರ ಬಾಯಿಂದ ಹೊಲಸು ಕೇಳಬೇಕಿಲ್ಲ. ಆದರೆ ನನ್ನಪ್ಪ ನಮ್ಮ ಆಳು ಭೋಲಾನನ್ನು ಆಗಲೇ ತಯಾರು ಮಾಡಿದ್ದಾರೆ ಎಂದೂ ನೀನೇ ಹೇಳಿದೆ.

'ಮಗಳು ಅಂದಿದ್ದಾರಲ್ಲ, ನೀನೇ ಕೇಳಿಕೋ' ಎಂದು ನಿನಗೆ ಬರೆದೆ. ಅಳಿಸಿದೆ. ಮತ್ತೆ ಬರೆದೆ. ಕೊನೆಗೆ ಅಪ್ಪನಿಗೇ ಫೋನ್ ಮಾಡಿದೆ.

"ಏನಮ್ಮಾ ಇಟಲಿ ಮೇಡಂ, ಇವತ್ತು ಅಪ್ಪನ ನೆನಪಾಯ್ತಾ?"

"ವೀರ್‌ಪಾಲ್‌ನ್ನ ನಿಮ್ಮ ಮಗಳು ಅಂದ್ರಂತೆ?"

"ಅಂದೆ. ಹೆಣ್ಣುಹುಲಿ ಕಣೇ ಅವಳು. ನೀನಿದ್ದಿದ್ರೆ ಅವಳ ಹತ್ರ ಕಲೀಬಹುದಿತ್ತು."

"ಹಂಗಾದ್ರೆ ಅವಳ ಎದುರು ಭೋಲಾನ್ನ ಯಾಕೆ ಕೂರಿಸ್ತಿದೀರಿ?"

"ಅದೇ ಬೇರೆ, ಇದೇ ಬೇರೆ. ದಿಲ್ಲಿ ಜಗಳ ದಿಲ್ಲೀಲಿ. ಊರ ಹೊಲದ ವಿಷ್ಯ ಊರಲ್ಲಿ."

"ನಿಮ್ಮ ಮಗಳಿಗೆ ಹೊಲ ಬೇಡ್ವಾ ಅಪ್ಪಾ?"

ಅಪ್ಪ ನಕ್ಕರು. ಸಿಟ್ಟಿರಲಿಲ್ಲ, ಮುದ್ದಿನಿಂದಲೇ ನಕ್ಕರು. "ಮಗಳು ಅಂದ್ಮೇಲೆ ಪಾಲು ಕೇಳ್ತಾರೇನೇ ಹುಚ್ಚಿ? ನೀನು ಯಾವತ್ತಾದ್ರೂ ಕೇಳಿದ್ಯಾ? ಅದಕ್ಕೇ ನೀನು ಒಳ್ಳೇ ಮಗಳು."

ವೀರ್‌ಪಾಲ್, ಅಪ್ಪ ನನ್ನನ್ನು ಒಳ್ಳೆಯ ಮಗಳೆಂದದ್ದು ಇದೇ ಮೊದಲು. ಬೇಕಾದದ್ದು ಕೈಗೆ ಬಂತು, ಹಿಡಿದುಕೊಳ್ಳಲು ಅಸಹ್ಯವಾಯಿತು. ನಿನ್ನನ್ನು ವೇದಿಕೆಯ ಮೇಲೆ ಹಾಗೆ ಕರೆದರಲ್ಲ, ಅದೂ ನೀನು ಏನನ್ನೂ ಕೇಳಬಾರದೆಂದೇ.

ಇಂದು ಗುರುದ್ವಾರದಲ್ಲಿ ರೈತರ ಬೆಂಬಲದ ಸಭೆ ಇತ್ತು. ಇಲ್ಲಿಯ ಅರ್ಧ ಜನ ನಮ್ಮ ಸುತ್ತಿನ ಹಳ್ಳಿಗಳವರೇ. ಲಂಗರಿನ ಊಟದ ತಟ್ಟೆ ಎತ್ತುವುದರೊಳಗೆ ಇಲ್ಲಿಯ ಸುದ್ದಿ ಅಲ್ಲಿಗೆ ಮುಟ್ಟುತ್ತದೆ. ಭಾಷಣಗಳೆಲ್ಲ ಮುಗಿದ ಮೇಲೆ ನಾನು ಮೈಕ್ ಕೇಳಿದೆ. ಕಂಪನಿಗಳು ನಮ್ಮ ಹೊಲ ನುಂಗುತ್ತವೆಂದು ಅಳುವ ನಾವು ಊರಿನಲ್ಲಿ ಯಾರ ಹೊಲ ನುಂಗುತ್ತಿದ್ದೇವೆಂದು ಕೇಳಿದೆ. ನನ್ನಪ್ಪನ ಹೆಸರು ಹೇಳಿದೆ, ಭೋಲಾನ ಹೆಸರು ಹೇಳಿದೆ, ಹರಾಜಿನ ದಿನ ಹೇಳಿದೆ.

ಹಿಂದಿನಿಂದ ಒಬ್ಬರು, "ಮನೆ ಕೊಳೆ ಇಲ್ಯಾಕೆ ಒಗೀತೀಯಮ್ಮಾ?" ಅಂದರು.

ಸ್ವರ್ಣ ಚಾಚಿ ಕೂತಲ್ಲಿಂದಲೇ, "ನೀರಿರೋ ಕಡೆ ಒಗೀಬೇಕಲ್ಲಣ್ಣಾ," ಅಂದಳು. ಅವಳಿಗೆ ನನ್ನ ಮೇಲೆ ಪ್ರೀತಿಯೇನಿಲ್ಲ. ಅವಳೂ ನಿಮ್ಮ ಕೇರಿಯಂಥ ಕೇರಿಯಿಂದಲೇ ಬಂದವಳಂತೆ. ಇಷ್ಟು ದಿನ ಜೊತೆಗೆ ದುಡಿದೂ ನನಗದು ಗೊತ್ತಿರಲಿಲ್ಲ.

ಆ ಮಾತಿನ ವಿಡಿಯೋವನ್ನು ಊರಿಗೂ ಕಳಿಸಿದೆ. ಸಂಜೆ ಅಮ್ಮನ ಸಂದೇಶ ಬಂತು. ಪಿಸುಮಾತಿನಲ್ಲಿದೆ. ಭೋಲಾ ಹೊದಿಕೆ ಹೆಗಲಿಗೇರಿಸಿಕೊಂಡು, "ನನ್ನ ಹೆಸರು ಇಟಲಿಗೂ ಹೋಯ್ತಲ್ಲಮ್ಮಾ, ನಾನು ಕೂಗಲ್ಲ," ಎಂದು ಅಕ್ಕನ ಊರಿಗೆ ಹೊರಟುಹೋದನಂತೆ. ಅಪ್ಪ ಊಟ ಬಿಟ್ಟಿದ್ದಾರೆ. ನನ್ನ ಹೆಸರೆತ್ತಬಾರದು ಅಂದಿದ್ದಾರೆ.

ಅವರು ಇನ್ನೊಬ್ಬ ಭೋಲಾನನ್ನು ಹುಡುಕುತ್ತಾರೆ. ನೀವು ಹೆಂಗಸರು ಬೇಗ ಹೋಗಿ ಮುಂದಿನ ಸಾಲಿನಲ್ಲಿ ಕೂತುಬಿಡಿ. ಯಾರು ಕೂಗಲು ಎದ್ದರೂ, ಉಳುವವರು ಯಾರೆಂದು ಎಲ್ಲರಿಗೂ ಕೇಳುವಂತೆ ಕೇಳು. ಬೇಕಾದರೆ ನನ್ನ ವಾಕ್ಯಗಳನ್ನು ಇನ್ನಷ್ಟು ಕದಿ.

ನಿನ್ನನ್ನು ಕಂಡು ಇನ್ನೂ ಕರುಬುತ್ತಿರುವ,
ಗುರ್‌ಲೀನ್

ಮರೆತದ್ದಲ್ಲ, ಬಿಟ್ಟದ್ದು: ಮೈಕ್ ಹಿಡಿದು ನಾನು ಮೊದಲು ಆಡಿದ್ದು ಹೊಲದ ಮಾತಲ್ಲ. 'ವೀರ್‌ಪಾಲ್ ನನ್ನಪ್ಪನ ಮಗಳಲ್ಲ, ನಮ್ಮ ಕೊಟ್ಟಿಗೆಯವಳ ಮಗಳು' ಅಂದೆ. ಕೆಲವರು ನಕ್ಕರು. ಆ ನಗು ನನಗೆ ಹಿತವಾಗಿತ್ತು. ಆಮೇಲೆ ಸ್ವರ್ಣ ಚಾಚಿಯ ಮುಖ ಕಂಡಿತು, ಹೊಲದ ಮಾತು ಬಂದದ್ದು ಆಗ. ಊರಿಗೆ ಹೋದ ವಿಡಿಯೋದಲ್ಲಿ ಆ ಭಾಗವನ್ನು ನಾನೇ ಕತ್ತರಿಸಿದ್ದೇನೆ. ಪೂರ್ತಿಯದು ಇದರೊಂದಿಗಿದೆ. ಹರಾಜು ಮುಗಿಯುವವರೆಗೆ ಅದನ್ನು ತೆರೆಯಬೇಡ. ಗುರುವಾರ ನಿನ್ನ ದನಿ ನಡುಗಬಾರದು.