ಕೋಡಿ ಬಿದ್ದ ಭಾನುವಾರ

ರೀ,

ನಿಮ್ಮನ್ನ ಎಬ್ಬಿಸಿ ಎಬ್ಬಿಸಿ ಸಾಕಾಯ್ತು. ಹೊಸಕೋಟೆಯಿಂದ ಬಂದಿರೋ ನಿಮ್ಮ ಸ್ನೇಹಿತರದ್ದೂ ನಿಮ್ಮದೂ ಒಂದೇ ಗೊರಕೆ. ಅದಕ್ಕೇ ಈ ಚೀಟಿ.

ನಮ್ಮ ಕೆರೆ ಕೋಡಿ ಬಿದ್ದಿದೆ!

ಬೆಳಗ್ಗೆ ನಾನೂ ಅತ್ತೆಯೂ ಹೂ ಬಿಡಿಸ್ತಿದ್ವಿ, ಭೋರ್ ಅಂತ ಶಬ್ದ ಬಂತು. ದಿನಾ ನಮ್ಮ ತಲೆ ಮೇಲೇ ವಿಮಾನ ಹಾರುತ್ತಲ್ಲ, ನಾನು ಅಭ್ಯಾಸಬಲದಿಂದ ತಲೆ ಎತ್ತಿ ಹುಡುಕಿದೆ. ಆಕಾಶ ಖಾಲಿ, ಶಬ್ದ ಮಾತ್ರ ನಿಲ್ತಾನೇ ಇಲ್ಲ. "ಮೇಲಲ್ಲ ಕಣಮ್ಮ, ಕೆರೆ ಕಡೆ ನೋಡು" ಅಂದ್ರು ಅತ್ತೆ. ಏರಿ ಹತ್ತಿ ನೋಡಿದ್ರೆ ಮೈಯೆಲ್ಲ ಜುಮ್ಮಂತು. ನಾನು ಮದುವೆಯಾಗಿ ಬಂದಾಗ ಹುಡುಗರು ಕ್ರಿಕೆಟ್ ಆಡ್ತಿದ್ದ ಕೆರೆ ರೀ ಇದು! ಇವತ್ತು ಅಂಚಿನವರೆಗೂ ಆಕಾಶ ತುಂಬ್ಕೊಂಡು ನಿಂತಿದೆ.

ಚಿಕ್ಕವನಿದ್ದಾಗ ಕೋಡಿ ನೀರಿಗೆ ತಲೆ ಕೊಟ್ಟು ನಿಲ್ತಿದ್ದೆ ಅಂತ ನಿನ್ನೆ ನೀವು ಹೇಳಿದ್ದಕ್ಕೆ, ಈ ಕೆರೆ ಯಾವ ಕಾಲದಲ್ಲಿ ಕೋಡಿ ಬಿದ್ದಿತ್ತು ಅಂತ ನಾವೆಲ್ಲ ಬಿದ್ದು ಬಿದ್ದು ನಕ್ವಿ. ನೀವು ಮುಖ ಊದಿಸ್ಕೊಂಡು ಮಲಗಿದ್ರಿ.

ಡಿಕಾಕ್ಷನ್ ಇಳಿದಿದೆ, ಹಾಲು ಕಾಯಿಸ್ಕೊಳ್ಳಿ. ಚಿತ್ರಾನ್ನ ಮುಚ್ಚಿಟ್ಟಿದೀನಿ. ನೀರು ಕುಡಿದ ಲೋಟಗಳನ್ನಾದರೂ ತೊಳೀರಿ.

ನಾನು ಬಾಗಿನದ ಮೊರ ತಗೊಂಡು ಅತ್ತೆ ಜೊತೆ ಹೊರಟೆ. ನೀವು ಬರೋವರೆಗೂ ನೀರಿಗೆ ಬಿಡಲ್ಲ. ಎಲ್ಲರನ್ನೂ ಕರ್ಕೊಂಡು ಬನ್ನಿ, ಎಲ್ಲಿ ನಿಲ್ತಿದ್ರಿ ಅಂತ ನೀವೇ ತೋರಿಸಬೇಕು.

ದಾರೀಲಿ ಶಬ್ದ ಕೇಳಿಸಿದ್ರೆ ಆಕಾಶ ನೋಡಬೇಡಿ.

ಯಶಸ್ವಿನಿ