ಮೊದಲು ತಲೆ ತಿರುಗಬೇಕು

ನವೆಂಬರ್ 7, ಶುಕ್ರವಾರ, ಬೆಳಿಗ್ಗೆ 5.40

ವಲೇರಿಯನ್ ಎಂಬ ನಾನು ಸ್ವಸ್ಥ ಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ — ಮನೆಯ ಆಲ್ತಾರಿನಿಂದ ಮೇಣದಬತ್ತಿ ಕದ್ದಿದ್ದೇನೆ. ಪಾದ್ರಿಗಳು ಆಶೀರ್ವದಿಸಿದ ಬತ್ತಿ. ಹೆಂಡತಿ ಲೊರ್ನಾ ಊರಿಂದ ಸೀರೆಯಲ್ಲಿ ಸುತ್ತಿ ತಂದದ್ದು. ಸ್ನೋಬೋರ್ಡಿನ ಅಡಿಗೆ ಅರ್ಧ ಉಜ್ಜಿಯಾಯಿತು, ಜಾರಲಿ ಅಂತ. ಬಾಕಿ ಅರ್ಧ ಕಾರಿನ ಡಿಕ್ಕಿಯಲ್ಲಿ. ಮೇಣ ಹೋದರೂ ಮಾನ ಉಳಿಯಲಿ.

ಹಿಮ ಇರುವುದು ಜಾರ್ಜಿಯಾದಲ್ಲಿ. ಡಿಸೆಂಬರಿಗೆ ಟಿಕೆಟ್ ಆಗಿದೆ. ಅಲ್ಲಿಯವರೆಗೆ ಈ ಗಲ್ಫಿನ ಮರಳುದಿಬ್ಬವೇ ಗತಿ. ಆದರೆ ಮಗಳು ತಾನ್ಯಾ ಬೋರ್ಡ್ ಮುಟ್ಟುವುದಿಲ್ಲ — ಹೋದ ವರ್ಷ ಬಿದ್ದು ಕೈ ಮುರಿದ ಮೇಲೆ.

"ಡ್ಯಾಡಿ, ನೀವು ಒಮ್ಮೆ ಬೀಳದೆ ಬನ್ನಿ. ಆಮೇಲೆ ನಾನು."

"ನಿನ್ನ ಡ್ಯಾಡಿ ಹುಟ್ಟಿದ್ದೇ ನಿಂತುಕೊಂಡು" ಅಂದುಬಿಟ್ಟೆ.

ಮಧ್ಯಾಹ್ನ

ಹನ್ನೊಂದು ಸಲ ಬಿದ್ದೆ. ಸದ್ಯ, ತಾನ್ಯಾ ಬಂದಿರಲಿಲ್ಲ. ಗುರು ಕ್ಯಾಲ್ವಿನ್, ಲೊರ್ನಾಳ ತಮ್ಮ:

"ಭಾವಾ, ಕಾರ್ವಿಂಗ್ ಅಂದ್ರೆ ಅಂಚಿನಲ್ಲಿ ಗೆರೆ ಎಳೆಯೋದು. ನೀವು ಕಸ ಗುಡಿಸ್ತಾ ಇದ್ದೀರಿ. ಮೊದಲು ತಲೆ ತಿರುಗಬೇಕು. ಹಿಂದೆಯೇ ಭುಜ, ಸೊಂಟ, ಮೊಣಕಾಲು. ಬೋರ್ಡ್ ತಾನಾಗಿ ಬರ್ತದೆ."

ಮೇಲಿಂದ ಕೆಳಗೆ ನೋಡಿದೆ. ತಲೆ ತಾನಾಗಿ ತಿರುಗಿತು.

ಕಣ್ಣು ಕಾಲಿನ ಮೇಲೆ. ಕೈ ಎಡಕ್ಕೆ, ಸೊಂಟ ಬಲಕ್ಕೆ — ಒಂದೇ ಮೈಯಲ್ಲಿ ಎರಡು ಪಕ್ಷ. ಹಲ್ಲಲ್ಲೂ ಮರಳು. ಮರಳಿ ಹತ್ತಿದೆ, ಮರಳಿ ಬಿದ್ದೆ. ಮರುಳ.

ನವೆಂಬರ್ 9

"ಆಲ್ತಾರಿನ ಕ್ಯಾಂಡಲ್ ಎಲ್ಲಿ ಮಾರಾಯ?"

"ಇಲಿ…" ಅಂದೆ. ಅಲ್ ಸದ್ದ್ ಬಡಾವಣೆಯ ನಮ್ಮ ಕಟ್ಟಡದ ಏಳನೇ ಮಹಡಿಯಲ್ಲಿ ಇಲಿ! ಲೊರ್ನಾ ಆಲ್ತಾರಿನ ಸುತ್ತ ಹುಡುಕತೊಡಗಿದಳು. ಹೆದರಿಕೆ ಅದೇ.

ನವೆಂಬರ್ 20, ಗುರುವಾರ

ಬಿದ್ದ ನೋವಿಗೆ ಇಷ್ಟು ದಿನ ಬಲಗೈ ಎತ್ತಲಾಗಲಿಲ್ಲ. ಇವತ್ತು ಲಿಫ್ಟಿನ ಕನ್ನಡಿಯೆದುರು ಪ್ರಾಕ್ಟೀಸ್ — ತಲೆ, ಭುಜ, ಸೊಂಟ. ಬಾಗಿಲು ತೆರೆಯಿತು. ಮೂರನೇ ಮಹಡಿಯ ಮೊಯ್ದಿನ್ ಕುಂಞಿ: "ಎಂತ ಮಾರಾಯ್ರೆ, ಡ್ಯಾನ್ಸಾ?"

ನಾಳೆ ದಿಬ್ಬಕ್ಕೆ ತಾನ್ಯಾ ಬರುತ್ತಾಳೆ, ಅಮ್ಮನ ಜೊತೆ. ನಾನು ಬಿದ್ದರೆ ಅವಳ ಬೋರ್ಡ್ ಖಲಾಸ್.

ನವೆಂಬರ್ 21, ಸಂಜೆ

ಬೀಳಲಿಲ್ಲ!! ಬಲಕ್ಕೊಂದು, ಎಡಕ್ಕೊಂದು — ಮರಳಲ್ಲಿ ಚಾಕುವಿನಿಂದ ಎಳೆದಂಥ ಗೆರೆ. ಅರಬರ ಹಾಗೆ 'ಯಲ್ಲಾ', ನಡಿ, ಎಂದು ಕೂಗಿಕೊಂಡೇ ಇಳಿದೆ. ತಾನ್ಯಾ ಬೋರ್ಡಿಗೆ ಕಾಲು ಕಟ್ಟಿಕೊಂಡಳು. ಕ್ಯಾಲ್ವಿನ್ ವಿಡಿಯೋ ತೋರಿಸಿ, "ಭುಜ ನೋಡಿ ಭಾವಾ, ಟೆಕ್ನಿಕ್!" ಅಂದ. ಹುಟ್ಟುಪ್ರತಿಭೆ ಅಂದರೂ ತಪ್ಪಿಲ್ಲ.

…ಇಲ್ಲಾದರೂ ನಿಜ ಬರೆಯಬೇಕು. ಅರ್ಧ ದಾರಿಯಲ್ಲಿ ಮತ್ತೆ ಕಾಲು ನೋಡಿದ್ದೆ. ಬೀಳುವುದರಲ್ಲಿದ್ದೆ. ಅಷ್ಟರಲ್ಲಿ ಕೆಳಗೆ, ಬಲಕ್ಕೆ, ತೆರೆದ ಡಿಕ್ಕಿಯ ಪಕ್ಕ ಲೊರ್ನಾ. ಕೈಯಲ್ಲಿ ಅರ್ಧ ಬತ್ತಿ. "ವಲೇರಿಯನ್!"

ತಲೆ ತಿರುಗಿತು. ಹಿಂದೆಯೇ ಭುಜ, ಸೊಂಟ… ಎಡಕ್ಕೆ ತಿರುಗಿದ್ದು ತಪ್ಪಿಸಿಕೊಳ್ಳಲು. ಕೂಗಿದ್ದು 'ಯಲ್ಲಾ' ಅಲ್ಲ. 'ಇಲ್ಲಾ, ನಾನಲ್ಲ, ಇಲಿ—'